ಅರಿಶಿನದ ಸತ್ವ ಎಲ್ಲಿ ಹೋಗುತ್ತದೆ?

(ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಶುಭದಿನ ಶೇರು, ಸಾಲ, ಲಾಭಾಂಶದ ಮಾತನ್ನು ಕಾರ್ಯದರ್ಶಿಗಳು ಆಡಿದ್ದಾರೆ. ನಮಗೆ ಕೊಟ್ಟಿರುವ ಹತ್ತು ನಿಮಿಷದಲ್ಲಿ ನಾವು ಅರಿಶಿನದ ವಿಷಯ ಹೇಳುತ್ತೇವೆ. ನಾವು ಓದಿರುವುದು ಎಸ್ಸೆಸ್ಸೆಲ್ಸಿ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಮೂರು ವರ್ಷದ ಹಿಂದಿನ ಲೋಡು ನಿಮಗೆಲ್ಲ ನೆನಪಿದೆ. ಔಷಧಿಗೆ ಸತ್ವ ತೆಗೆಯುವ ಕಂಪನಿಯವರು ಸಂಘದಿಂದ ನೇರ ಖರೀದಿಗೆ ಬಂದರು. ಕುರ್ಕುಮಿನ್ ಶೇಕಡ 3ಕ್ಕೆ ಕಮ್ಮಿ ಇರಬಾರದು ಅಂತ ಕರಾರು. ಪರೀಕ್ಷೆಯಲ್ಲಿ 2 ಕೂಡ ಬರಲಿಲ್ಲ. ಮಾಲು ವಾಪಸು ಬಂತು, ಮಂಡಿಯಲ್ಲಿ ಸಿಕ್ಕಿದ ಬೆಲೆಗೆ ಕೊಟ್ಟೆವು. ಕಂಪನಿಯವರು ಮೋಸ ಮಾಡಿದರು ಅಂತ ಊರೆಲ್ಲ ಮಾತಾಯಿತು, ನಾವೂ ಹಾಗೇ ಅಂದೆವು. ಆದರೆ ಆ ವರ್ಷ ಕೊಪ್ಪರಿಗೆ ಮುಂದೆ ನಿಂತಿದ್ದವರು ನಾವೇ. ಬಣ್ಣ ಬರಲಿ ಅಂತ ಯಾರದೋ ಮಾತು ಕೇಳಿ ನೀರಿಗೆ ಸೋಡ ಸುರಿದವರೂ ನಾವೇ. ಮದುವೆ ಮನೆಯಲ್ಲಿ ಊಟ ಮುಗಿಸಿ ಬರುವಷ್ಟರಲ್ಲಿ ಗಡ್ಡೆ ಹಿಚುಕಿದರೆ ಮುದ್ದೆಯಾಗುವಷ್ಟು ಬೆಂದಿತ್ತು. ಇದನ್ನು ಇವತ್ತಿನವರೆಗೆ ಸಭೆಯಲ್ಲಿ ಹೇಳಿರಲಿಲ್ಲ.

ಅರಿಶಿನಕ್ಕೆ ಹಳದಿ ಕೊಡುವ ವಸ್ತುವೇ ಕುರ್ಕುಮಿನ್. ಅದರ ಸ್ವಭಾವ ನಮ್ಮ ತಾಯಂದಿರಿಗೆ ಮೊದಲಿಂದ ಗೊತ್ತು, ಹೆಸರು ಮಾತ್ರ ಗೊತ್ತಿರಲಿಲ್ಲ ಅಷ್ಟೆ. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ? ಸುಣ್ಣ, ಸೋಡದಂಥ ಕ್ಷಾರ ತಗುಲಿದರೆ ಕುರ್ಕುಮಿನ್ ಬಣ್ಣ ತಿರುಗುತ್ತದೆ, ಆಮೇಲೆ ಒಡೆದು ಹಾಳಾಗುತ್ತದೆ. ಬಟ್ಟೆ ಮೇಲಿನ ಅರಿಶಿನದ ಕಲೆ ಸೋಪು ಹಾಕಿದರೆ ಕೆಂಪಾಗಿ, ಬಿಸಿಲಿಗೆ ಒಣಹಾಕಿದರೆ ಮಾಯ. ಅಂದರೆ ಬೆಳಕೂ ಅದಕ್ಕೆ ಆಗದು. ಇಡೀ ಗಡ್ಡೆಗೆ ಸಿಪ್ಪೆಯ ಕಾವಲಿದೆ. ಬೇಗ ಒಣಗಲಿ ಅಂತ ಹೋಳು ಮಾಡಿ ಬಿಸಿಲಿಗೆ ಹಾಕಿದರೆ ಮೇಲ್ಮೈ ಬಿಳುಚಿಕೊಳ್ಳುತ್ತದೆ. ಹೋಳಿಗೆ 60 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿಯೇ ಲೇಸು.

ಬೆಂಕಿಯ ಮಾತು. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅಡುಗೆಯಲ್ಲಿ ಬೇಯಿಸುವ ಹಾಗೆ ಅರಿಶಿನ ಬೇಯಿಸಿದಾಗ ಶೇಕಡ 27ರಿಂದ 53ರವರೆಗೆ ಕುರ್ಕುಮಿನ್ ನಷ್ಟವಾಯಿತು. ಹೆಚ್ಚು ಹೋದದ್ದು ಪ್ರೆಷರ್ ಕುಕ್ಕರಿನಲ್ಲಿ 10 ನಿಮಿಷ ಇಟ್ಟದ್ದರಲ್ಲಿ. ಹುಣಸೆಹುಳಿ ಸೇರಿಸಿದಾಗ ನಷ್ಟ ಕಮ್ಮಿ. ನಮ್ಮ ಸಾರಿಗೆ ಹುಳಿ ಬಿದ್ದದ್ದು ರುಚಿಗೆ, ಆದರೂ ಕೇಳಿ ಖುಷಿಯಾಯಿತು.

ಈಗ ಭಟ್ಟಿಯ ವಿಷಯ. ಸಂಘದಿಂದ ಭಟ್ಟಿ ಹಾಕಿಸಿ ಅರಿಶಿನದೆಣ್ಣೆ ಇಳಿಸಿ, ಕುರ್ಕುಮಿನ್ ಔಷಧಿ ಅಂತ ಸೀಸೆಗೆ ತುಂಬೋಣ ಅಂತ ಕೆಲವು ಯುವಕ ಮಿತ್ರರು ಅರ್ಜಿ ಕೊಟ್ಟಿದ್ದಾರೆ. ಉತ್ಸಾಹ ಒಳ್ಳೆಯದೇ. ಆದರೆ ಹಬೆಯಲ್ಲಿ ಮೇಲೇರಿ ಬರುವುದು ಘಮದ ಎಣ್ಣೆ ಮಾತ್ರ, ಕುರ್ಕುಮಿನ್ ಹಬೆಯ ಜೊತೆ ಬರುವುದಿಲ್ಲ, ತಳದ ಚರಟದಲ್ಲೇ ಉಳಿಯುತ್ತದೆ. ನೀರಲ್ಲಿ ಕುದಿಸಿ ಕಷಾಯ ಮಾಡಿ ಸೋಸಿದರೂ ಬಹುಪಾಲು ಚರಟದಲ್ಲೇ, ಯಾಕಂದರೆ ಅದು ನೀರಲ್ಲಿ ಕರಗುವ ಜಾತಿಯಲ್ಲ. ಆಲ್ಕೋಹಾಲ್, ಅಸಿಟೋನ್‌ಗಳಲ್ಲಿ ಕರಗುತ್ತದೆ. ಕಾರ್ಖಾನೆಯವರು ಒಣಪುಡಿಯನ್ನು ಅಂಥ ದ್ರಾವಕದಲ್ಲಿ ನೆನೆಸಿ, ಸೋಸಿ, ಆಮೇಲೆ ದ್ರಾವಕವನ್ನು ಆವಿಯಾಗಿ ಹೊರಹಾಕುತ್ತಾರೆ. ಉಳಿಯುವ ಗಟ್ಟಿ ರಸದಲ್ಲಿ ಬಣ್ಣ, ಘಮ ಎರಡೂ ಇರುತ್ತವೆ. ಬೆಂಕಿ ತಗುಲಿದರೆ ಧಗ್ಗನೆ ಹತ್ತುವ ದ್ರಾವಕ ಅದು. ನಮ್ಮ ಗೋದಾಮಿನಲ್ಲಿ ಗೊಬ್ಬರದ ಮೂಟೆ ಪಕ್ಕ ಮಾಡುವ ಕೆಲಸವಲ್ಲ. ಘಮದ ಎಣ್ಣೆ ಅಂತಲೇ ಹೇಳಿ ಮಾರುವುದಾದರೆ ಭಟ್ಟಿಗೆ ನಮ್ಮ ಒಪ್ಪಿಗೆ ಇದೆ. ಇಲ್ಲದ ವಸ್ತುವಿನ ಹೆಸರು ಚೀಟಿ ಮೇಲೆ ಅಚ್ಚು ಹಾಕಿಸಲು ನಮ್ಮ ಸಹಿ ಇಲ್ಲ. ಯಾವ ಕಾಯಿಲೆಗೆ ಎಷ್ಟು ಅಂತ ವೈದ್ಯರು ಹೇಳಬೇಕು, ಸಂಘವಲ್ಲ.

ತಳಿಯಿಂದಲೂ ಕುರ್ಕುಮಿನ್ ಹೆಚ್ಚುಕಮ್ಮಿ ಆಗುತ್ತದೆ, ಎಲ್ಲ ತಪ್ಪೂ ಕೊಪ್ಪರಿಗೆಯದಲ್ಲ. ಆದರೂ ಈ ಸಲ ತಾಯಿಗಡ್ಡೆ ಬೇರೆ, ಬೆರಳುಗಡ್ಡೆ ಬೇರೆ ಬೇಯಿಸೋಣ. ಬರೀ ನೀರು, ಸೋಡ ಬೇಡ. ನೊರೆ ಬಂದು, ಘಮದ ಬಿಳಿ ಹಬೆ ಎದ್ದು, ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿದ ಕೂಡಲೆ ತೆಗೆಯುವುದು. ಮುಕ್ಕಾಲರಿಂದ ಒಂದು ಗಂಟೆ ಸಾಕು. ಲೋಡು ಹೊರಡುವ ಮುಂಚೆ ಮಾದರಿ ಪರೀಕ್ಷೆಗೆ ಕಳಿಸಲು ತಗಲುವ ಖರ್ಚು ಸಂಘ ಕೊಡಬೇಕೋ, ಬೆಳೆಗಾರರು ಹಂಚಿಕೊಳ್ಳಬೇಕೋ, ಸಭೆ ತೀರ್ಮಾನಿಸಲಿ. ಕೊಪ್ಪರಿಗೆ ಪಾಳಿಗೆ ಈ ವರ್ಷವೂ ನಮ್ಮ ಹೆಸರು ಬರೆದುಕೊಳ್ಳಿ. ಮದುವೆಗೆ ಹೋಗುವುದಿಲ್ಲ.