ಹಾರ್ಡ್ ಡಿಸ್ಕಿನ ಆಚೆಗೆ: ನಮ್ಮ ದಾಖಲೆಗಳನ್ನು ಎಲ್ಲಿಡೋಣ?

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಗ್ರಂಥಾಲಯದಲ್ಲಿರುವ ಹಳೆಯ ಸಂಚಿಕೆಗಳನ್ನೂ ನಡವಳಿ ಪುಸ್ತಕಗಳನ್ನೂ ಸ್ಕ್ಯಾನ್ ಮಾಡಿಸಿ, ಕಾಗದವನ್ನು ರದ್ದಿಗೆ ಹಾಕಿ, ಕೋಣೆಯನ್ನು ತೆರವುಗೊಳಿಸೋಣ ಎಂಬ ಸಲಹೆ ಕಾರ್ಯಕಾರಿ ಸಮಿತಿಯ ಮುಂದಿದೆ. ಸ್ಕ್ಯಾನ್ ಮಾಡಿಸುವುದಕ್ಕೆ ನನ್ನ ಪೂರ್ಣ ಬೆಂಬಲವಿದೆ. ರದ್ದಿಗೆ ಹಾಕುವುದನ್ನು ಕುರಿತು ಮಾತ್ರ ನಾಲ್ಕು ಮಾತು ಹೇಳಬೇಕೆಂದು ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

1956ರಲ್ಲಿ ಐಬಿಎಂ ಹೊರತಂದ ಮೊತ್ತಮೊದಲ ಹಾರ್ಡ್ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅದರಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು. ಇಂದು ಅಂಗೈಯಗಲದ ಡಿಸ್ಕಿನಲ್ಲಿ 30 ಟೆರಾಬೈಟ್ ಮೀರಿದ ಮಾಹಿತಿ ಹಿಡಿಸುತ್ತದೆ. ಆದರೆ ಮೂಲತತ್ತ್ವ ಬದಲಾಗಿಲ್ಲ: ತಿರುಗುವ ತಟ್ಟೆ, ಅದರ ಮೇಲೆ ಕಾಂತೀಯ ಚುಕ್ಕೆಗಳು. ತಿರುಗುವ ಯಂತ್ರ ಸವೆಯಲೇಬೇಕು. ಪೆನ್ ಡ್ರೈವ್ ಮೊದಲಾದ ಫ್ಲಾಶ್ ಸಾಧನಗಳಲ್ಲಿ ಚಲಿಸುವ ಭಾಗಗಳಿಲ್ಲ, ನಿಜ. ಆದರೆ ಅಲ್ಲಿ ಮಾಹಿತಿ ಇರುವುದು ಸೆರೆಹಿಡಿದಿಟ್ಟ ವಿದ್ಯುದಂಶವಾಗಿ. ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಅದು ಮೆಲ್ಲಮೆಲ್ಲನೆ ಸೋರಿಹೋಗುತ್ತದೆ.

ಆದುದರಿಂದಲೇ ವಿಜ್ಞಾನಿಗಳು ಬೇರೆ ಆಧಾರಗಳನ್ನು ಅರಸುತ್ತಿದ್ದಾರೆ. ಒಂದು, ಗಾಜು. ಅತಿಸೂಕ್ಷ್ಮ ಅವಧಿಯ ಲೇಸರ್ ಮಿಡಿತಗಳಿಂದ ಸ್ಫಟಿಕ ಗಾಜಿನ ಒಡಲೊಳಗೆ ಪದರಪದರವಾಗಿ ಗುರುತುಗಳನ್ನು ಕೊರೆಯುತ್ತಾರೆ. ಮೈಕ್ರೋಸಾಫ್ಟ್ ಸಂಸ್ಥೆ 2019ರಲ್ಲಿ 75 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಗಾಜಿನ ಬಿಲ್ಲೆಯಲ್ಲಿ 1978ರ 'ಸೂಪರ್‌ಮ್ಯಾನ್' ಚಲನಚಿತ್ರವನ್ನು ಇಡಿಯಾಗಿ ಅಡಗಿಸಿ ತೋರಿಸಿತು. ಇಂಥ ಗಾಜು ಕುದಿಯುವ ನೀರಿಗೂ ಅಯಸ್ಕಾಂತಕ್ಕೂ ಜಗ್ಗುವುದಿಲ್ಲ. ಇನ್ನೊಂದು, ಜೀವಕೋಶದ ಡಿಎನ್‌ಎ. ಅದರ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿ ಗಣಕದ ಸೊನ್ನೆ-ಒಂದುಗಳನ್ನು ಬರೆಯಬಹುದು. 2013ರಲ್ಲಿ ಯುರೋಪಿನ ಸಂಶೋಧಕರು ಷೇಕ್ಸ್‌ಪಿಯರನ 154 ಸಾನೆಟ್ಟುಗಳನ್ನು ಹೀಗೆ ಬರೆದು ಮರಳಿ ಓದಿದರು. ಬರೆಯುವ ಕೆಲಸ ಇನ್ನೂ ನಿಧಾನ, ವೆಚ್ಚವೂ ಬಹಳ. ಆದರೆ ಹಿಮದಲ್ಲಿ ಹೂತಿದ್ದ, ಹತ್ತು ಲಕ್ಷ ವರ್ಷಕ್ಕೂ ಹಳೆಯ ಮ್ಯಾಮತ್ ಆನೆಯ ಡಿಎನ್‌ಎಯನ್ನು 2021ರಲ್ಲಿ ಓದಲಾಗಿದೆ ಎಂಬುದನ್ನು ನೆನೆದರೆ ಅದರ ಬಾಳಿಕೆ ಎಂಥದೆಂದು ತಿಳಿಯುತ್ತದೆ.

ಹಾಗಾದರೆ ಇವು ಬರುವವರೆಗೆ ಕಾದರೆ ಸಾಕೇ? ಸಾಲದು. ಇಂಗ್ಲೆಂಡಿನ ನಿದರ್ಶನ ನೋಡಿ. 1086ರಲ್ಲಿ ಅಲ್ಲಿನ ಅರಸ ಮಾಡಿಸಿದ ಭೂಸಮೀಕ್ಷೆಯ 'ಡೂಮ್ಸ್‌ಡೇ' ಗ್ರಂಥದ 900ನೆಯ ವರ್ಷಕ್ಕೆಂದು, 1986ರಲ್ಲಿ ಬಿಬಿಸಿ ಹೊಸ ಸಮೀಕ್ಷೆ ಮಾಡಿಸಿ ಲೇಸರ್ ಡಿಸ್ಕುಗಳಲ್ಲಿ ತುಂಬಿತು. ಹದಿನೈದೇ ವರ್ಷಗಳಲ್ಲಿ ಅವನ್ನು ಓದುವ ಯಂತ್ರ ದುರ್ಲಭವಾಯಿತು. ತಜ್ಞರು ಹೆಣಗಿ ಮಾಹಿತಿಯನ್ನು ಹೊರತೆಗೆಯಬೇಕಾಯಿತು. ಚರ್ಮದ ಹಾಳೆಯ ಹಳೆಯ ಗ್ರಂಥವನ್ನು ಲ್ಯಾಟಿನ್ ಬಲ್ಲವರು ಇಂದಿಗೂ ಓದುತ್ತಾರೆ.

ನಮ್ಮ ಕಷ್ಟ ಇದಕ್ಕಿಂತ ಹತ್ತಿರದ್ದು. 1990ರ ದಶಕದ ಕನ್ನಡ ಅಕ್ಷರಜೋಡಣೆಯ ತಂತ್ರಾಂಶಗಳು ಒಂದೊಂದೂ ತನ್ನದೇ ಸಂಕೇತವನ್ನು ಬಳಸಿದವು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿದ್ದರೂ, ಅದು ಬಳಕೆಗೆ ಬಂದದ್ದು ತಡವಾಗಿ. ಆ ಕಾಲದ ಕಡತವನ್ನು ಅದರ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಇಂಥದನ್ನು ಗಾಜಿನಲ್ಲಿ ಕೊರೆದಿಟ್ಟರೆ ಸಾವಿರ ವರ್ಷ ಉಳಿಯುವುದೂ ಅದೇ ಗೋಜಲು.

ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ತಾಳೆಗರಿಗೆ ಹುಳ ಹಿಡಿಯುವುದು ಅವಳಿಗೂ ಗೊತ್ತಿತ್ತು; ಒಂದು ಕೆಟ್ಟರೆ ಇನ್ನೊಂದು ಉಳಿಯಲೆಂದು ಪ್ರತಿಗಳನ್ನು ಹೆಚ್ಚಿಸಿದಳು. ನಾವೂ ಅದನ್ನೇ ಮಾಡಬೇಕು.

ನನ್ನ ಬಿನ್ನಹ ಇಷ್ಟೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸೋಣ. ಮೂರು ಊರುಗಳಲ್ಲಿ ಪ್ರತಿಗಳನ್ನಿಟ್ಟು, ಐದು ವರ್ಷಕ್ಕೊಮ್ಮೆ ತೆರೆದು ನೋಡಿ, ಹೊಸ ಸಾಧನಕ್ಕೆ ವರ್ಗಾಯಿಸೋಣ. ಕಾಗದವನ್ನು ರದ್ದಿಗೆ ಹಾಕದಿರೋಣ. ಅದನ್ನು ಓದಲು ಯಂತ್ರ ಬೇಡ, ಬೆಳಕಿದ್ದರೆ ಸಾಕು.

ಕೊನೆಯದೊಂದು ಮಾತು. ಹೊರನಾಡಿನಲ್ಲಿ ನಮ್ಮ ಮೊಮ್ಮಕ್ಕಳು ಕನ್ನಡ ಮಾತನಾಡುತ್ತಾರೆ, ಓದುವವರು ಕಡಿಮೆ. ಈ ಸಂಚಿಕೆಗಳನ್ನು ಯಾರಿಗಾಗಿ ಕಾಪಾಡುತ್ತೇವೋ ಅವರಿಗೆ ಅಕ್ಷರವೇ ಬಾರದಿದ್ದರೆ ಯಾವ ತಂತ್ರಜ್ಞಾನವೂ ನೆರವಿಗೆ ಬರದು. ತೆರವು ಮಾಡಬೇಕೆಂದಿರುವ ಆ ಕೋಣೆಯಲ್ಲೇ, ಆ ಸಂಚಿಕೆಗಳ ನಡುವೆಯೇ, ಭಾನುವಾರದ ಕನ್ನಡ ತರಗತಿ ನಡೆಸಬೇಕೆಂದು ಸಮಿತಿಯನ್ನು ಕೇಳಿಕೊಳ್ಳುತ್ತೇನೆ.