ಪಶ್ಚಿಮ ಆಫ್ರಿಕದ ರುಚಿ, ಕನ್ನಡನಾಡಿನ ಕಾಳು
(ಉಪನ್ಯಾಸದ ಬರಹರೂಪ)



ಬೆಂಗಳೂರಿನ ಪಶ್ಚಿಮ ಭಾಗದ ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳಲ್ಲಿ ಮಲೆನಾಡಿನಿಂದ ಹೋಗಿ ನೆಲೆಸಿದ ಕುಟುಂಬಗಳು ಹಲವು. ಅಲ್ಲಿನ ಒಲೆಯ ಮೇಲೆ ಬೇಯುವುದಕ್ಕೂ ಇಲ್ಲಿನ ಹೊಲಗದ್ದೆಗಳಲ್ಲಿ ಬೆಳೆಯುವುದಕ್ಕೂ ನೇರ ಸಂಬಂಧವಿದೆ. ನಗರವು ಕೊಳ್ಳದ ಕಾಳನ್ನು ಮಾರಾಟಕ್ಕಾಗಿ ಯಾರೂ ಬಿತ್ತುವುದಿಲ್ಲ. ಬಿತ್ತದೆ ಇಟ್ಟ ಬೀಜವು ಕೆಲವೇ ವರ್ಷಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಈ ಸಂಬಂಧವನ್ನು ಒಂದು ಬಟ್ಟಲು ಊಟದ ಮೂಲಕ ಪರಿಶೀಲಿಸುವುದು ಇಂದಿನ ಮಾತಿನ ಉದ್ದೇಶ.

ಧಾನ್ಯ, ಕಾಳು, ತರಕಾರಿ ಮತ್ತು ಗೊಜ್ಜನ್ನು ಒಂದೇ ಬಟ್ಟಲಿನಲ್ಲಿ ಬಡಿಸುವ ಸಸ್ಯಾಹಾರದ ಊಟ ಇಂದು ನಗರದ ಯುವಜನರಿಗೆ ಪ್ರಿಯವಾಗಿದೆ. ಇದರಲ್ಲಿ ಪಶ್ಚಿಮ ಆಫ್ರಿಕದ ರುಚಿಯೂ ಒಂದು ಬಗೆ. ಮಾಲಿ, ಸೆನೆಗಲ್ ದೇಶಗಳ ‘ಮಾಫೆ’ ಎಂಬ ಕಡಲೆಕಾಯಿಯ ಗೊಜ್ಜು ಅದರ ಜೀವಾಳ. ಅದನ್ನು ಫೋನಿಯೋ ಎಂಬ ಅತಿ ಸಣ್ಣ ಸಿರಿಧಾನ್ಯದ ಮೇಲೋ ಸಜ್ಜೆಯ ಮೇಲೋ ಸುರಿದು ಉಣ್ಣಬಹುದು. ಇದಕ್ಕಾಗಿ ಹೊರದೇಶದ ಪೊಟ್ಟಣ ತರಿಸಬೇಕೆ? ಕಾಳುಗಳ ಚರಿತ್ರೆಯೇ ಇದಕ್ಕೆ ಉತ್ತರ ಹೇಳುತ್ತದೆ.

ಸಜ್ಜೆಯು ಪಶ್ಚಿಮ ಆಫ್ರಿಕದಲ್ಲಿ ಸುಮಾರು 4,500 ವರ್ಷಗಳ ಹಿಂದೆಯೇ ಕೃಷಿಗೆ ಒಳಪಟ್ಟ ಬೆಳೆ. ಹಾವೇರಿ ಜಿಲ್ಲೆಯ ಹಳ್ಳೂರಿನ ಪ್ರಾಚೀನ ನೆಲೆಯಲ್ಲಿ ಸುಟ್ಟು ಇದ್ದಿಲಾದ ಸಜ್ಜೆಯ ಕಾಳುಗಳು ದೊರೆತಿವೆ. ಅವು ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದವು. ಅಲಸಂದೆಯ ತವರೂ ಆಫ್ರಿಕವೇ. ರಾಗಿಯು ಪೂರ್ವ ಆಫ್ರಿಕದ ಎತ್ತರದ ನೆಲದಿಂದ ಬಂದದ್ದು. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ತಳಿವಿಜ್ಞಾನಿಯು ಭಾರತ ಹಾಗೂ ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ರೂಪಿಸಿದ ‘ಇಂಡಾಫ್’ ತಳಿಗಳ ಹೆಸರಿನಲ್ಲಿಯೇ ಎರಡೂ ನೆಲಗಳಿವೆ. ಮಾಫೆಯ ಕಡಲೆಕಾಯಿ ಮಾತ್ರ ದಕ್ಷಿಣ ಅಮೆರಿಕದ್ದು. ಆಫ್ರಿಕಕ್ಕೂ ಭಾರತಕ್ಕೂ ಅದು ಹೊಸ ಅತಿಥಿ. ಮಾಲಿಯ ಜನ ಸಜ್ಜೆಯ ಹಿಟ್ಟಿನಿಂದ ಮಾಡುವ ‘ತೋ’ ಎಂಬ ಗಟ್ಟಿ ಅಂಬಲಿಯು ರಾಗಿಮುದ್ದೆಯ ಹತ್ತಿರದ ನೆಂಟ.

ಈಗ ತಯಾರಿಕೆ. ನಾಲ್ವರಿಗೆ 200 ಗ್ರಾಂ ಸಜ್ಜೆಯನ್ನು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಹೊಸ ನೀರಿನಲ್ಲಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಬೇಕು. ಸಜ್ಜೆಯಲ್ಲಿ ಕೊಬ್ಬಿನ ಅಂಶ ಹೆಚ್ಚಿರುವುದರಿಂದ ಅದರ ಹಿಟ್ಟು ಬೇಗನೆ ಕಮಟುತ್ತದೆ. ಇಡೀ ಕಾಳನ್ನೇ ಕೊಳ್ಳುವುದು ಜಾಣತನ. 100 ಗ್ರಾಂ ಅಲಸಂದೆಯನ್ನು ಪ್ರತ್ಯೇಕವಾಗಿ ನೆನೆಸಿ ಬೇಯಿಸಬೇಕು. ಧಾನ್ಯದಲ್ಲಿ ಕೊರತೆಯಿರುವ ಲೈಸೀನ್ ಎಂಬ ಅಮೈನೋ ಆಮ್ಲವನ್ನು ಈ ಕಾಳು ತುಂಬಿಕೊಡುತ್ತದೆ.

ಗೊಜ್ಜಿಗೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿಗಳನ್ನು ಬಾಡಿಸಿ, ಹೆಚ್ಚಿದ ಮೂರು ಟೊಮೇಟೊ ಮತ್ತು ಗೆಣಸಿನ ಹೋಳು ಸೇರಿಸಬೇಕು. ಹುರಿದು ಸಿಪ್ಪೆ ತೆಗೆದ 100 ಗ್ರಾಂ ಕಡಲೆಕಾಯಿ ಬೀಜವನ್ನು ನುಣ್ಣಗೆ ಅರೆದು, ನೀರಿನಲ್ಲಿ ಕದಡಿ ಸುರಿಯಬೇಕು. ಉಪ್ಪು ಹಾಕಿ, ಮೇಲೆ ಎಣ್ಣೆ ತೇಲುವವರೆಗೆ ಸಣ್ಣ ಉರಿಯಲ್ಲಿ ಕುದಿಸಬೇಕು; ತಳ ಹತ್ತದಂತೆ ಕೈಯಾಡಿಸುತ್ತಿರಬೇಕು. ಖಾರಕ್ಕೆ ಮಲೆನಾಡಿನ ಸೂಜಿಮೆಣಸು ಚೆನ್ನಾಗಿ ಒಪ್ಪುತ್ತದೆ. ಹುಳಿಗೆ ಪುಂಡಿಸೊಪ್ಪು. ಉತ್ತರ ಕರ್ನಾಟಕದಲ್ಲಿ ಪಲ್ಯವಾಗುವ ಈ ಗಿಡದ ಕೆಂಪು ಪುಷ್ಪಪಾತ್ರೆಗಳಿಂದಲೇ ಸೆನೆಗಲ್ಲಿನವರು ‘ಬಿಸಾಪ್’ ಎಂಬ ಪಾನೀಯ ಮಾಡುತ್ತಾರೆ. ಬಟ್ಟಲಿನಲ್ಲಿ ಸಜ್ಜೆ, ಅದರ ಮೇಲೆ ಅಲಸಂದೆ, ಗೊಜ್ಜು, ಹುರಿದ ಬೆಂಡೆ: ಊಟ ಸಿದ್ಧ. ಇವೆಲ್ಲ ಕರ್ನಾಟಕದ ಹೊಲ, ಹಿತ್ತಲುಗಳಲ್ಲಿಯೇ ಬೆಳೆಯುವ ವಸ್ತುಗಳು.

ಹಾಗೆಂದು ಮಲೆನಾಡಿನ ರೈತರು ಸಜ್ಜೆ ಬಿತ್ತಬೇಕೆಂದು ಇದರ ಅರ್ಥವಲ್ಲ. ಅದು ಒಣನೆಲದ ಬೆಳೆ. ಹೂ ಬಿಡುವಾಗ ಎಡೆಬಿಡದ ಮಳೆಯಾದರೆ ಪರಾಗ ತೊಳೆದುಹೋಗಿ ಕಾಳು ಕಟ್ಟುವುದಿಲ್ಲ, ರೋಗವೂ ಹೆಚ್ಚು. ಇಲ್ಲಿಗೆ ಒಗ್ಗುವುದು ಸಾಮೆ. ಫೋನಿಯೋದಂತೆಯೇ ಸಣ್ಣದಾದ, ಬೇಗ ಬೇಯುವ ಈ ಭಾರತದ ಧಾನ್ಯವು ಅದರ ಸ್ಥಾನವನ್ನು ಸುಲಭವಾಗಿ ತುಂಬಬಲ್ಲದು. ಒಂದು ಕಾಲದಲ್ಲಿ ಘಟ್ಟದ ಕುಮರಿ ಬೇಸಾಯದಲ್ಲಿ ರಾಗಿಯೊಂದಿಗೆ ಬೆಳೆಯುತ್ತಿದ್ದುದು ಇದನ್ನೇ. ಭತ್ತದ ಕೊಯ್ಲಿನ ಅನಂತರ ಗದ್ದೆಯಲ್ಲಿ ಉಳಿದ ತೇವದಲ್ಲಿ ಅಲಸಂದೆ ಬೆಳೆಯಬಹುದು. ಅದರ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೂ ನೆರವಾಗುತ್ತವೆ. ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾಗುತ್ತಿರುವಾಗ, ಗದ್ದೆಯನ್ನು ಗದ್ದೆಯಾಗಿಯೇ ಉಳಿಸಲು ಇಂಥ ಎರಡನೆಯ ಬೆಳೆಯ ಆದಾಯ ಅಗತ್ಯ.

ತೊಡಕು ಇರುವುದು ಸಾಮೆಯ ಹೊಟ್ಟು ಬಿಡಿಸುವುದರಲ್ಲಿ. ರಾಗಿಗೆ ಆ ಕಷ್ಟವಿಲ್ಲ. ಸಾಮೆಯನ್ನು ಕುಟ್ಟುವ ದುಡಿಮೆಯೆಲ್ಲ ಹೆಂಗಸರ ತೋಳಿನ ಮೇಲೆ ಬೀಳುತ್ತಿತ್ತು. ಅದು ಅಡುಗೆಮನೆಯಿಂದ ಮರೆಯಾಗಲು ಇದೂ ಒಂದು ಕಾರಣ. ನಾಲ್ಕಾರು ಊರುಗಳು ಸೇರಿ ಒಂದು ಸಣ್ಣ ಹೊಟ್ಟು ಬಿಡಿಸುವ ಯಂತ್ರವನ್ನು ಇಟ್ಟುಕೊಳ್ಳದೆ ಸಿರಿಧಾನ್ಯದ ಮಾತು ಭಾಷಣವಾಗಿಯೇ ಉಳಿದೀತು. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ಅಂತಾರಾಷ್ಟ್ರೀಯ ವರ್ಷವಾಗಿ ಆಚರಿಸಿತು. ವರ್ಷ ಮುಗಿಯಿತು, ಕೆಲಸ ಮುಗಿದಿಲ್ಲ.

ಆದ್ದರಿಂದ ವಿದ್ಯಾರ್ಥಿಗಳು ಊರಿನ ಹಿರಿಯರಲ್ಲಿ ಉಳಿದಿರುವ ಸಾಮೆ, ಅಲಸಂದೆಗಳ ಬೀಜವನ್ನು ಹುಡುಕಿ ಹೆಸರು ಬರೆದಿಡಲಿ. ರೈತರು ನಾಲ್ಕು ಗುಂಟೆಯಲ್ಲಾದರೂ ಬಿತ್ತಲಿ. ಕೆಂಗೇರಿಯ ಸುತ್ತಲಿನ ರಾಗಿಹೊಲಗಳು ಬಡಾವಣೆಗಳಾಗಿರುವ ಈ ಕಾಲದಲ್ಲಿ, ನಗರದಲ್ಲಿರುವ ಬಂಧುಗಳಿಗೆ ಕಾಳಿನ ಜೊತೆಗೆ ಅದನ್ನು ಉಣ್ಣುವ ಹೊಸ ಬಗೆಯನ್ನೂ ಕಳುಹಿಸಲಿ. ಊಟದಲ್ಲಿ ಉಳಿದ ಬೀಜವೇ ಹೊಲದಲ್ಲಿಯೂ ಉಳಿಯುತ್ತದೆ.