ಐವರು ಮಕ್ಕಳು, ಐದು ಬಾಟಲಿ, ಒಂದು ಮಳೆಗಾಲ



ಶಾಲೆಯಿಂದ ವಿಜ್ಞಾನ ಪ್ರದರ್ಶನದ ನೋಟೀಸು ಬಂದರೆ ಮುಂಬಯಿಯ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆಂದು ನಿಮಗೆ ಗೊತ್ತೇ ಇದೆ. ಅಪ್ಪ ಆಫೀಸಿನಿಂದ ಬರುವಾಗ ದಾದರಿನಲ್ಲಿಳಿದು ರಟ್ಟು, ಅಂಟು, ಬಣ್ಣ ತರುತ್ತಾರೆ. ಅಮ್ಮ ರಾತ್ರಿ ಹನ್ನೆರಡರವರೆಗೆ ಕೂತು ಕಾಡಿಗೆ ಹಸಿರು ಬಳಿಯುತ್ತಾರೆ. ಮಗು ಮಲಗಿರುತ್ತದೆ. ಬಹುಮಾನ ಬಂದರೆ ಅದು ಯಾರದ್ದು, ನೀವೇ ಹೇಳಿ.

ಇಂಥ ಮಾದರಿಗಳಿಗೆ ಬೆಲೆ ಕೊಡದ ಒಂದು ಸ್ಪರ್ಧೆಯ ವಿಚಾರ ಇಂದು ಹೇಳುತ್ತೇನೆ. ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಆಶ್ರಯದಲ್ಲಿ 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಅದು. ಹತ್ತರಿಂದ ಹದಿನೇಳು ವರ್ಷದ ಮಕ್ಕಳು ತಂಡ ಕಟ್ಟಿಕೊಂಡು, ಒಬ್ಬ ಮಾರ್ಗದರ್ಶಕರ ಜೊತೆ, ತಮ್ಮದೇ ಬೀದಿಯ ಒಂದು ತೊಂದರೆಯನ್ನು ಅಳೆದು, ಬರೆದು, ಜಿಲ್ಲೆ, ರಾಜ್ಯ, ದೇಶ ಎಂಬ ಮೂರು ಹಂತಗಳಲ್ಲಿ ಮಂಡಿಸಬೇಕು. 2014 ಮತ್ತು 2015ರಲ್ಲಿ ಹವೆ ಮತ್ತು ಹವಾಮಾನವೇ ಅದರ ಮುಖ್ಯ ವಿಷಯವಾಗಿತ್ತು. ನಮ್ಮವರು ಗಮನಿಸಬೇಕಾದ ಇನ್ನೊಂದು ಮಾತು: ಭಾರತೀಯ ಭಾಷೆಗಳಲ್ಲಿ ಮಂಡಿಸಲು ಅಲ್ಲಿ ಅವಕಾಶವಿದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸುತ್ತ ಬಂದ ಸಮಾವೇಶಗಳಲ್ಲಿ ಹಳ್ಳಿ ಶಾಲೆಯ ಮಕ್ಕಳು ಕನ್ನಡದಲ್ಲೇ ಮಾತಾಡಿದ್ದಾರೆ.

ಹೋಮಿ ಭಾಭಾ ಬಾಲ ವೈಜ್ಞಾನಿಕ ಪರೀಕ್ಷೆ ನಮ್ಮ ನಗರದಲ್ಲಿ ಇದಕ್ಕಿಂತ ಹೆಸರುವಾಸಿ. ಅದೂ ಒಳ್ಳೆಯದೇ. ಆದರೆ ಅದು ಒಬ್ಬೊಬ್ಬರ ಪರೀಕ್ಷೆ. ಪರಿಸರದ ಲೆಕ್ಕ ಒಬ್ಬರಿಂದ ಆಗುವುದಿಲ್ಲ.

ಯಾಕೆ? 2005ರ ಜುಲೈ 26 ನೆನಪಿದೆಯಲ್ಲ. ಸಾಂತಾಕ್ರೂಜಿನ ಮಾಪಕದಲ್ಲಿ ಒಂದು ದಿನದ ಮಳೆ 944 ಮಿಲಿಮೀಟರ್. ಅದೇ ದಿನ ಕೊಲಾಬಾದಲ್ಲಿ ಸುಮಾರು 74. ಒಂದೇ ನಗರ, ಒಂದೇ ದಿನ! ಕೊಲಾಬಾದ ಲೆಕ್ಕ ನೋಡಿದವರಿಗೆ ಕುರ್ಲಾ ಮುಳುಗಿದ್ದು ಹೇಗೆ ತಿಳಿಯಬೇಕು? ಪಾಲಿಕೆ ಊರಿನ ಹಲವು ಕಡೆ ಸ್ವಯಂಚಾಲಿತ ಮಳೆಮಾಪಕ ಇಟ್ಟದ್ದು ಆ ಮೇಲೆ.

ನಿಮ್ಮ ಮಕ್ಕಳೂ ಇಡಬಹುದು. ಎರಡು ಲೀಟರಿನ ತಂಪು ಪಾನೀಯದ ಬಾಟಲಿಯ ತಲೆ ಕತ್ತರಿಸಿ, ಅದನ್ನೇ ಬೋರಲು ಹಾಕಿ ಆಲಿಕೆ ಮಾಡಿ. ತಳ ಉಬ್ಬುತಗ್ಗು ಇರುವುದರಿಂದ ಕಲ್ಲು ತುಂಬಿ, ಬದಿ ನೆಟ್ಟಗಾಗುವ ಮಟ್ಟದವರೆಗೆ ನೀರು ಹಾಕಿ ಸೊನ್ನೆ ಗುರುತು ಮಾಡಿ. ಮೇಲೆ ಪಟ್ಟಿ ಅಂಟಿಸಿದರೆ ಮಳೆಮಾಪಕ ಸಿದ್ಧ. ಬೆಳಿಗ್ಗೆ ಎಂಟೂವರೆಗೆ ಓದಬೇಕು. ಹವಾಮಾನ ಇಲಾಖೆಯವರ ಹೊತ್ತೂ ಅದೇ. ಓದಿದ ಮೇಲೆ ನೀರನ್ನು ಮತ್ತೆ ಸೊನ್ನೆಗೆ ತನ್ನಿ. ಒಬ್ಬ ಮುಲುಂಡಿನಲ್ಲಿ, ಒಬ್ಬಳು ಘಾಟ್ಕೋಪರಿನಲ್ಲಿ, ಉಳಿದವರು ವಡಾಲಾ, ಅಂಧೇರಿ, ಬೊರಿವಲಿಯಲ್ಲಿ. ಜೊತೆಗೆ ಸಮುದ್ರದ ಭರತಿಯ ಹೊತ್ತು, ಗಲ್ಲಿಯಲ್ಲಿ ನೀರು ಎಷ್ಟು ನಿಂತಿತು ಎಂಬುದನ್ನೂ ಬರೆಯಲಿ. ಭರತಿ ಏರಿದಾಗ ಚರಂಡಿಯ ನೀರು ಕಡಲಿಗೆ ಇಳಿಯುವುದಿಲ್ಲ. ಕಡಿಮೆ ಮಳೆಗೂ ಗಲ್ಲಿ ತುಂಬುವುದು ಯಾಕೆಂದು ಆಗ ಅವರಿಗೇ ಹೊಳೆಯುತ್ತದೆ.

ಮೊದಲು ಐವರವರೆಗೆ ಇದ್ದ ಸಮಾವೇಶದ ತಂಡವನ್ನು ಈಚಿನ ವರ್ಷಗಳಲ್ಲಿ ಇಬ್ಬರಿಗೆ ಇಳಿಸಿದ್ದಾರೆ. ನನಗೆ ಇದು ಸರಿ ಕಂಡಿಲ್ಲ. ಹೆಸರು ಇಬ್ಬರದಿದ್ದರೂ ಬಾಟಲಿ ಐದಿರಲಿ, ನೆರವಾದವರ ಉಪಕಾರವನ್ನು ವರದಿಯಲ್ಲಿ ಬರೆಯಲಿ.

ಕಷ್ಟ ಇರುವುದು ಬೇರೆ ಕಡೆ. ಆಗಸ್ಟಿನ ಒಂದು ಭಾನುವಾರ ಘಾಟ್ಕೋಪರಿನ ಹುಡುಗಿ ಮದುವೆಗೆ ಹೋಗಿ ಅಳೆಯುವುದು ತಪ್ಪುತ್ತದೆ. ಮುಲುಂಡಿನ ಅಂಕಿಯನ್ನೇ ನಾಲ್ಕು ಮಿಲಿಮೀಟರ್ ಇಳಿಸಿ ಬರೆದರಾಯಿತು ಎಂದು ಮನೆಯಲ್ಲಿ ದೊಡ್ಡವರೇ ಹೇಳಿಕೊಡುತ್ತಾರೆ. ದಯವಿಟ್ಟು ಹೇಳಬೇಡಿ. ಆ ಮನೆಯಲ್ಲಿ 'ಅಳೆಯಲಿಲ್ಲ' ಎಂದೇ ಬರೆಯಲಿ. ಮಂಡಿಸುವ ಹೊತ್ತು ತೀರ್ಪುಗಾರರು ಕೇಳುವುದು ಇಂಥದ್ದನ್ನೇ. 'ಸರ್, ಅಂದು ನಾನು ಊರಲ್ಲಿರಲಿಲ್ಲ' ಎನ್ನುವ ಮಗುವಿನ ಉಳಿದ ಅಂಕಿಗಳನ್ನು ಅವರು ನಂಬುತ್ತಾರೆ.

ಶಾಲೆ ತೆರೆಯುವ ಹೊತ್ತಿಗೇ ಇಲ್ಲಿ ಮಳೆಯೂ ಬರುತ್ತದೆ. ಜೂನ್ ಮೊದಲ ವಾರದೊಳಗೆ ಬಾಟಲಿ ತಯಾರಿರಲಿ. ಕತ್ತರಿಸುವ ಕೆಲಸವನ್ನು ಮಾತ್ರ ಅಪ್ಪ ಅಮ್ಮ ಮಾಡಿಕೊಡಬಹುದು.